ಮನೆಯ ಒಲೆಯಿಂದ ಸೀಸೆಗೆ ಬಂದ ತೈಲ

ಮಂಡಿನೋವಿನ ಹಿರಿಯರಿರುವ ಅನೇಕ ಮನೆಗಳಲ್ಲಿ ತೈಲದ ಸೀಸೆಯೊಂದು ಇದ್ದೇ ಇರುತ್ತದೆ. ಕ್ಷೀರಬಲಾ, ಧನ್ವಂತರಂ, ಕೊಟ್ಟಂಚುಕ್ಕಾದಿ ಎಂಬ ಹೆಸರುಗಳು ನಮಗೆ ಅಪರಿಚಿತವಲ್ಲ. ತೈಲಗಳು ಪುರಾತನವಾದವು; ಆದರೆ ಅವುಗಳನ್ನು ಅಂಗಡಿಯಿಂದ ಕೊಂಡುತರುವ ರೂಢಿಗೆ ಅಷ್ಟು ವಯಸ್ಸಾಗಿಲ್ಲ.

ಮೈಗೆ ಎಣ್ಣೆ ತಿಕ್ಕುವ ಅಭ್ಯಂಗವು ಮುಪ್ಪನ್ನೂ ಆಯಾಸವನ್ನೂ ವಾತವನ್ನೂ ಶಮನಗೊಳಿಸುತ್ತದೆಂಬುದು ವಾಗ್ಭಟನ ‘ಅಷ್ಟಾಂಗಹೃದಯ’ದ ಮತ. ಕೇರಳದ ವೈದ್ಯರು ವಿಶೇಷವಾಗಿ ಅವಲಂಬಿಸಿದ್ದು ಈ ಗ್ರಂಥವನ್ನೇ. ಹಿಂದೆ ವೈದ್ಯರು ಸಾಮಾನ್ಯವಾಗಿ ಮೂಲಿಕೆಗಳ ಪಟ್ಟಿಯನ್ನಷ್ಟೇ ಕೊಡುತ್ತಿದ್ದರು. ಬೇರು ತೊಗಟೆಗಳನ್ನು ಕೂಡಿಸಿ ತೈಲ ಕಾಯಿಸುವ ಹೊಣೆ ರೋಗಿಯ ಮನೆಯವರದಾಗಿತ್ತು. ಅರೆದ ಮೂಲಿಕೆ 1 ಪಾಲು, ಎಣ್ಣೆ 4 ಪಾಲು, ಕಷಾಯ ಅಥವಾ ಹಾಲಿನಂತಹ ದ್ರವ 16 ಪಾಲು ಎಂಬುದು ಸಾಮಾನ್ಯ ನಿಯಮ. ನೀರಿನಂಶ ಇಂಗುವವರೆಗೆ ಸಣ್ಣ ಉರಿಯಲ್ಲಿ ಕಾಯಿಸಬೇಕು. ಅರೆದ ಮೂಲಿಕೆಯ ಚೂರನ್ನು ಬೆಂಕಿಗೆ ಹಾಕಿದಾಗ ಚಟಪಟ ಸದ್ದು ಬಾರದಿದ್ದರೆ ಹದ ಬಂದಂತೆ. ದಿನಗೂಲಿಯವರಿಗೂ ಒಂಟಿ ಮುದುಕರಿಗೂ ಇಷ್ಟೊಂದು ದುಡಿಮೆ ಎಟುಕುವುದೆಂತು?

ಈ ಕಷ್ಟಕ್ಕೆ ಪರಿಹಾರ ಹುಡುಕಿದವರಲ್ಲಿ ಮಲಬಾರಿನ ಕೋಟಕ್ಕಲ್‌ನ ಪಿ.ಎಸ್. ವಾರಿಯರ್ (1869–1944) ಪ್ರಮುಖರು. ಆಯುರ್ವೇದ ಕಲಿತ ಅವರು ಮಂಜೇರಿಯಲ್ಲಿ ಡಾ. ವರ್ಗೀಸರ ಬಳಿ ಆಧುನಿಕ ವೈದ್ಯವನ್ನೂ ಅಭ್ಯಸಿಸಿದರು. 1902ರಲ್ಲಿ ಆರ್ಯ ವೈದ್ಯ ಶಾಲೆಯನ್ನು ಸ್ಥಾಪಿಸಿ, ಶಾಸ್ತ್ರೋಕ್ತ ಔಷಧಗಳು ಸಿದ್ಧರೂಪದಲ್ಲಿ ಜನರಿಗೆ ದೊರೆಯುವಂತೆ ಮಾಡಿದರು. ಅವರ ದೃಷ್ಟಿ ಮಾರಾಟಕ್ಕೆ ಸೀಮಿತವಾಗಿರಲಿಲ್ಲ. ವೈದ್ಯರನ್ನು ತರಬೇತುಗೊಳಿಸಲು 1917ರಲ್ಲಿ ಪಾಠಶಾಲೆಯನ್ನೂ, ಬಡವರಿಗಾಗಿ 1924ರಲ್ಲಿ ಧರ್ಮಾಸ್ಪತ್ರೆಯನ್ನೂ ಆರಂಭಿಸಿದರು. ಅವರ ಉಯಿಲಿನಂತೆ ಸಂಸ್ಥೆಯು ಧರ್ಮದತ್ತಿಯಾಯಿತು.

ಔಷಧದೊಂದಿಗೆ ವೈದ್ಯನೂ ಇರಬೇಕೆಂಬ ಈ ವಿವೇಕವನ್ನು ನಾವು ಉಳಿಸಿಕೊಂಡಿದ್ದೇವೆಯೇ? ಸೀಸೆ ಸುಲಭವಾಗಿ ಸಿಗತೊಡಗಿದಂತೆ ವೈದ್ಯನ ಪ್ರಶ್ನೆಗಳು ಮರೆಯಾದವು. ಎಲ್ಲ ನೋವಿಗೂ ಎಣ್ಣೆ ಸಲ್ಲದೆಂದು ಆಯುರ್ವೇದವೇ ಎಚ್ಚರಿಸಿದೆ. ಅಜೀರ್ಣವಿದ್ದಾಗ ಅಭ್ಯಂಗ ವರ್ಜ್ಯ. ಕೀಲುಗಳು ಬಾತು ನೋಯುವ ಆಮವಾತದ ಆರಂಭದಲ್ಲಿ ತೈಲ ಹಚ್ಚದೆ ಬಿಸಿ ಮರಳಿನ ಒಣ ಶಾಖ ಕೊಡುವುದು ಪದ್ಧತಿ. ಇಂದಿನ ವೈದ್ಯರೂ ಹೇಳುವುದು ಇದಕ್ಕೆ ದೂರವಲ್ಲ: ಕೀಲು ಕೆಂಪಾಗಿ, ಬಿಸಿಯಾಗಿ, ಜ್ವರವೂ ಇದ್ದರೆ ತಿಕ್ಕದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಸವೆದ ಕೀಲನ್ನು ತೈಲವು ಹೊಸದಾಗಿಸದು. ಬಿಗಿತವನ್ನೂ ನೋವನ್ನೂ ಕೆಲಕಾಲ ತಗ್ಗಿಸಬಹುದು. ಆ ಉಪಶಮನದಲ್ಲಿ ಮೂಲಿಕೆಯ ಪಾಲೆಷ್ಟು, ತಿಕ್ಕುವ ಕೈಯ ಪಾಲೆಷ್ಟು ಎಂದು ಬೇರ್ಪಡಿಸುವುದು ಸುಲಭವಲ್ಲ.

ಆದ್ದರಿಂದ ಮನೆಯ ಹಿರಿಯರ ನೋವು ಯಾವುದೆಂದು ಮೊದಲು ವೈದ್ಯರಿಂದ ತಿಳಿಯೋಣ. ಅವರು ಒಪ್ಪಿದರೆ ತೈಲವನ್ನು ಹದವಾಗಿ ಬಿಸಿಮಾಡಿ, ಹಿರಿಯರ ಬಳಿ ಕುಳಿತು ನಾವೇ ಹಚ್ಚೋಣ. ತೈಲ ಕಾಯಿಸುವ ದುಡಿಮೆಯಿಂದ ಸೀಸೆಯು ನಮ್ಮನ್ನು ಪಾರುಮಾಡಿದೆ. ಹಚ್ಚುವ ಕೆಲಸ ಇನ್ನೂ ನಮ್ಮದೇ.