ಹಳಿಯ ಮಾತು

ಇಂಗ್ಲಿಷಿನ ‘ಗೇಜ್’ ಪದದ ನಡುವೆ ಒಂದು ‘ಯು’ ಅಕ್ಷರವಿದೆ. ಉಚ್ಚಾರಣೆಗೆ ಅದರಿಂದ ಯಾವ ಉಪಕಾರವೂ ಇಲ್ಲ. ಇಂಗ್ಲೆಂಡಿನವರು ಅದನ್ನು ಬಿಡದೆ ಬರೆಯುತ್ತಾರೆ; ಅಮೆರಿಕದ ರೈಲ್ವೆ ಎಂಜಿನಿಯರುಗಳು ಬಹುಮಟ್ಟಿಗೆ ಬಿಟ್ಟರು. ಅಲ್ಲಿನ ಕೇಂದ್ರ ಸರ್ಕಾರದ ಹಳಿ ಸುರಕ್ಷತಾ ನಿಯಮಗಳಲ್ಲಿ ಇಂದಿಗೂ ‘ಯು’ ಇಲ್ಲದ ರೂಪವೇ ಇದೆ. ಪ್ರಧಾನ ಮಾರ್ಗಗಳ ಅಳತೆ ಮಾತ್ರ ಎರಡೂ ಕಡೆ ಒಂದೇ: 4 ಅಡಿ 8½ ಅಂಗುಲ. ಅಕ್ಷರ ಹೋದರೂ ಅಳತೆ ಕೆಡಲಿಲ್ಲ.

ಎಲ್ಲ ಭೇದಗಳೂ ಇಷ್ಟು ನಿರುಪದ್ರವಿಗಳಲ್ಲ. ಹಳಿಯ ಕೆಳಗಿನ ಅಡ್ಡದಿಮ್ಮಿ ಆಂಗ್ಲರಿಗೆ ‘ಸ್ಲೀಪರ್’, ಅಮೆರಿಕನ್ನರಿಗೆ ‘ಟೈ’. ಒಂದು ಹಳಿ ಮತ್ತೊಂದನ್ನು ದಾಟುವ ಎಡೆ ಇವರಿಗೆ ‘ಕ್ರಾಸಿಂಗ್’, ಅವರಿಗೆ ‘ಫ್ರಾಗ್’, ಅಂದರೆ ಕಪ್ಪೆ! ಅಮೆರಿಕದ ಪುಸ್ತಕವೊಂದರಲ್ಲಿ ಈ ಕಪ್ಪೆಯನ್ನು ಮೊದಲು ಕಂಡಾಗ ಅಚ್ಚಿನ ದೋಷವೆಂದು ಪಕ್ಕದಲ್ಲಿ ಗುರುತು ಹಾಕಿದವನು ನಾನು. ಕುದುರೆಯ ಗೊರಸಿನ ತಳಭಾಗಕ್ಕೂ ಇಂಗ್ಲಿಷಿನಲ್ಲಿ ಅದೇ ಹೆಸರುಂಟೆಂಬುದು ಆಮೇಲೆ ತಿಳಿಯಿತು.

ನಮ್ಮ ದೇಶದ ಕಥೆ ಇನ್ನೂ ಸ್ವಾರಸ್ಯವಾದುದು. 1870ರಲ್ಲಿ, ಲಾರ್ಡ್ ಮೇಯೋ ವೈಸ್‌ರಾಯ್ ಆಗಿದ್ದಾಗ, ಸರ್ಕಾರದ ಹೊಸ ಮಾರ್ಗಗಳಿಗೆ ಮೀಟರ್ ಗೇಜು ಗೊತ್ತಾಯಿತು. ಅಡಿ ಅಂಗುಲಗಳ ಆ ಕಾಲದಲ್ಲಿ ಮೀಟರು ಎಲ್ಲಿಂದ ಬಂತು? ಭಾರತದಲ್ಲಿ ಮೆಟ್ರಿಕ್ ಅಳತೆಗಳನ್ನು ತರುವ ಆಲೋಚನೆ ಆಗ ನಡೆದಿತ್ತು. ಆಲೋಚನೆ ಉಳಿಯಲಿಲ್ಲ, ಹಳಿ ಉಳಿಯಿತು. ಮಹಾಕ್ಷಾಮದ ಕಾಲದಲ್ಲಿ ಕೆಲಸ ಆರಂಭವಾಗಿ 1882ರಲ್ಲಿ ಮೈಸೂರನ್ನು ಮುಟ್ಟಿದ ಬೆಂಗಳೂರಿನ ಮಾರ್ಗವೂ ಮೀಟರ್ ಗೇಜೇ. ಹಾಗೆಂದು ಹಳಿಯ ತೂಕ ಮೀಟರಿನ ಲೆಕ್ಕಕ್ಕೆ ಬರಲಿಲ್ಲ. ಗಜಕ್ಕೆ ಇಷ್ಟು ಪೌಂಡು ಎಂಬ ರೂಢಿಯೇ ನಡೆಯಿತು.

ಮೆಟ್ರಿಕ್ ಪದ್ಧತಿಯ ಕಾನೂನು ಬಂದದ್ದು 1956ರಲ್ಲಿ. ಅನಂತರದ ಹಳಿಗಳಿಗೆ ಮೀಟರಿಗೆ 52 ಕಿಲೋ, 60 ಕಿಲೋ ಎಂದು ಹೆಸರು. ಹಳೆಯವಕ್ಕೆ ‘90 ಆರ್’ ಎಂಬ ಹೆಸರೇ ನಿಂತಿತು. 90 ಎಂದರೆ ಗಜಕ್ಕೆ 90 ಪೌಂಡು, ಮೀಟರಿಗೆ ಸುಮಾರು 44.6 ಕಿಲೋ. ಸಂಖ್ಯೆ ದೊಡ್ಡದು, ಹಳಿ ಹಗುರ! ಕಾಗದದ ಮೇಲೆ ಬರಿಯ ಅಂಕಿಯನ್ನು ನೋಡಿದವನು 52ಕ್ಕಿಂತ 90 ಗಟ್ಟಿಯೆಂದು ನಂಬಿದರೆ ಅವನನ್ನು ಹಳಿಯುವುದು ಹೇಗೆ?

‘ಪರ್ಮನೆಂಟ್ ವೇ’ ಎಂಬುದನ್ನು ‘ಶಾಶ್ವತ ಮಾರ್ಗ’ ಎಂದು ಕನ್ನಡಿಸಿದವರನ್ನು ಕಂಡಿದ್ದೇನೆ. ಮಾರ್ಗವನ್ನು ಕಟ್ಟುವಾಗ ಮಣ್ಣು ಸಾಗಿಸಲು ಹಾಕುತ್ತಿದ್ದ ತಾತ್ಕಾಲಿಕ ಹಳಿಗಳಿಂದ ಬೇರ್ಪಡಿಸಲು ಹುಟ್ಟಿದ ಮಾತದು. ಶಾಶ್ವತತೆಗೂ ಅದಕ್ಕೂ ನಂಟಿಲ್ಲ. ದಿನವೂ ಕೀಮನ್ ನಡೆದು ನೋಡದಿದ್ದರೆ ಅದು ನಿಲ್ಲುವುದೂ ಇಲ್ಲ.

ಹಳಿ, ಕಂಬಿ, ಜಲ್ಲಿ ಇವು ಜನ ತಾವಾಗಿ ಒಪ್ಪಿಕೊಂಡ ಮಾತುಗಳು. ಇಂಥವನ್ನು ಬಿಟ್ಟು ಸಂಸ್ಕೃತದ ಕಡೆಗೆ ಓಡುವುದು ನನಗೆ ಹಿಡಿಸದು. ಆದರೂ ಒಮ್ಮೆ ಲೇಖನವೊಂದರಲ್ಲಿ ಗೇಜಿಗೆ ‘ಹಳಿಗಳ ಅಂತರ’ ಎಂದು ಬರೆದು, ಅಚ್ಚ ಕನ್ನಡವಾಯಿತೆಂದು ಹಿಗ್ಗಿ, ನಿವೃತ್ತ ಗ್ಯಾಂಗ್‌ಮನ್ ಒಬ್ಬರಿಗೆ ಓದಿ ಹೇಳಿದೆ.

“ಎಲ್ಲಿಂದ ಎಲ್ಲಿಗೆ ಸ್ವಾಮಿ?” ಎಂದರು ಅವರು.

ಗೇಜನ್ನು ಅಳೆಯುವುದು ಹಳಿಗಳ ತಲೆಯ ಒಳಮೈಯಿಂದ ಒಳಮೈಗೆ. ನಡುವಿನಿಂದ ನಡುವಿಗೆ ಅಷ್ಟೇ ಅಳತೆ ಹಿಡಿದು ಹಾಕಿದರೆ ಗಾಡಿಯ ಚಕ್ರಗಳು ಕೂರುವುದೇ ಇಲ್ಲ. ನನ್ನ ಪದದಲ್ಲಿ ಆ ಒಳಮೈ ಇರಲಿಲ್ಲ. ಹೊಡೆದುಹಾಕಿ ‘ಗೇಜು’ ಎಂದೇ ಬರೆದೆ.