ವರ್ತಕ ಮನೆತನಗಳ ವಂಶಮೂಲ: ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಯ ದಾಖಲೆಗಳು

ಈ ಸೀಮೆಯ ಬಣಜಿಗ ಮನೆತನಗಳಲ್ಲಿ ಪಟ್ಟಣಶೆಟ್ಟಿ ಎಂಬ ಅಡ್ಡಹೆಸರು ಇಂದಿಗೂ ಬಳಕೆಯಲ್ಲಿದೆ. ಅದು ಬರಿಯ ಹೆಸರಲ್ಲ, ಒಂದು ಅಧಿಕಾರಸ್ಥಾನದ ನೆನಪು. ಶಾಸನಗಳಲ್ಲಿ ಪಟ್ಟಣಸ್ವಾಮಿ ಎನಿಸಿಕೊಂಡವನು ಪೇಟೆಯ ಮುಖಂಡ. ಮರಾಠರ ಆಳ್ವಿಕೆಯಲ್ಲಿ ಇಂಥದೇ ಸ್ಥಾನಕ್ಕೆ ಶೇಟೆ-ಮಹಾಜನ ವತನವೆಂಬ ಹೆಸರಿತ್ತು. ಐಹೊಳೆಯನ್ನು ಮೂಲನೆಲೆಯೆಂದು ಹೇಳಿಕೊಂಡ ಅಯ್ಯಾವೊಳೆ ಐನೂರ್ವರ ಸಂಘವು ಸರಕಿನ ಹೇರಿಗೆ ಇಷ್ಟೆಂದು ಗೊತ್ತುಪಡಿಸಿ ದೇವಾಲಯಗಳಿಗೆ ದತ್ತಿ ಬಿಡುತ್ತಿತ್ತು. ಹಿರೇಕೆರೂರಿನ ನೆರೆಯ ಬಳ್ಳಿಗಾವೆ ಅಂಥ ವರ್ತಕರ ದೊಡ್ಡ ಕೇಂದ್ರ. ಸೌರಾಷ್ಟ್ರದಿಂದ ಪುಲಿಗೆರೆಗೆ ವ್ಯಾಪಾರಕ್ಕೆ ಬಂದ ಆದಯ್ಯನವರನ್ನು ಶರಣಪರಂಪರೆ ಮರೆತಿಲ್ಲ. ಆದರೂ ಶಾಸನದ ಶೆಟ್ಟಿಯಿಂದ ಇಂದಿನ ಮನೆಯವರೆಗೆ ನೇರ ಗೆರೆ ಎಳೆಯುವುದು ಸಲ್ಲದು. ನಡುವಿನ ಶತಮಾನಗಳನ್ನು ಅಭಿಮಾನದಿಂದ ತುಂಬಬಹುದೇ ಹೊರತು ಆಧಾರದಿಂದಲ್ಲ.

ಆಧಾರ ದಟ್ಟವಾಗುವುದು 1818ರ ನಂತರ. ಪೇಶ್ವೆಯ ಆಳ್ವಿಕೆ ಮುಗಿದು ಧಾರವಾಡ ಸೀಮೆ ಕಂಪನಿ ಸರಕಾರಕ್ಕೆ ಸೇರಿತು. 1843ರಲ್ಲಿ ದಕ್ಷಿಣ ಮರಾಠಾ ಪ್ರದೇಶದಲ್ಲಿ ಇನಾಮು ಭೂಮಿಗಳ ತನಿಖೆ ಆರಂಭವಾಗಿ, 1852ರ 11ನೆಯ ಕಾಯಿದೆಯಿಂದ ಇನಾಮ್ ಕಮಿಷನ್ನಿಗೆ ಕಾನೂನಿನ ಬಲ ಬಂದಿತು. ಇನಾಮು, ವತನ ಉಳಿಯಬೇಕಾದರೆ ಮೂಲ ಸನದಿನಿಂದ ಅಂದಿನ ಅನುಭೋಗದಾರನವರೆಗೆ ವಂಶಾವಳಿಯನ್ನು ತೋರಿಸಬೇಕಿತ್ತು. ಭೂಮಿಯನ್ನು ಕಿತ್ತುಕೊಳ್ಳಲು ಬಂದ ತನಿಖೆಯೇ ಮನೆತನಗಳ ಪೀಳಿಗೆಗಳನ್ನು ಕಾಗದಕ್ಕೆ ಇಳಿಸಿತೆಂಬುದು ವಿಚಿತ್ರ. ಹಕ್ಕಿಗಾಗಿ ಬರೆಸಿದ ವಂಶಾವಳಿಯಲ್ಲಿ ಹಕ್ಕಿಗೆ ಅಡ್ಡಬರುವ ದಾಯಾದಿ ಬಿಟ್ಟುಹೋಗಿರಬಹುದು. ಓದುವವರು ಇದನ್ನು ಗಮನದಲ್ಲಿಡಬೇಕು. ಪುಣೆಯ ಪತ್ರಾಗಾರದ ಪೇಶ್ವೆ ದಫ್ತರದಲ್ಲಿಯೂ ಈ ಸೀಮೆಯ ಕಾಗದಗಳಿವೆ. ಅವುಗಳಲ್ಲಿ ಬಹುಪಾಲು ಮೋಡಿ ಲಿಪಿಯವು, ಓದಬಲ್ಲವರು ವಿರಳರಾಗುತ್ತಿದ್ದಾರೆ.

ವರ್ತಕ ಮನೆಗಳಿಗೆ ಎರಡನೆಯ ಆಕರವೆಂದರೆ ಹತ್ತಿಯ ಬಂಡವಾಳದ ಕಾಲದ ಖಾತೆಗಳು. 1840ರ ದಶಕದಿಂದ ಕಂಪನಿ ಸರಕಾರ ಧಾರವಾಡ ಜಿಲ್ಲೆಯಲ್ಲಿ ಅಮೆರಿಕದ ಹತ್ತಿಯನ್ನು ಬೆಳೆಸಿತು. 1861ರಿಂದ 1865ರವರೆಗಿನ ಅಮೆರಿಕದ ಅಂತರ್ಯುದ್ಧದಿಂದ ಬೆಲೆ ಗಗನಕ್ಕೇರಿತು. ಹತ್ತಿಯ ಬಂಡಿಗಳು ಘಟ್ಟವಿಳಿದು ಕುಮಟಾ ಬಂದರಿಗೆ ಹೋಗುತ್ತಿದ್ದವು. ಇಂಗ್ಲೆಂಡಿನ ಮಾರುಕಟ್ಟೆಯಲ್ಲಿ ಈ ಹತ್ತಿಗೆ ಕುಮಟಾ ಹತ್ತಿ ಎಂದೇ ಹೆಸರು. ರೈತನಿಗೆ ಮುಂಗಡ ಕೊಟ್ಟವರು, ಹುಂಡಿ ಬರೆದವರು, ಅಡತಿ ನಡೆಸಿದವರು ಊರಿನ ವರ್ತಕರೇ. 1865ರಲ್ಲಿ ಮುಂಬಯಿಯ ಪೇಟೆ ಕುಸಿದಾಗ ಪೆಟ್ಟು ಇಲ್ಲಿಗೂ ಮುಟ್ಟಿತು. ಹಳೆಯ ಅಡತಿ ಅಂಗಡಿಗಳ ಕೀರ್ದಿ-ಖಾತೆಗಳಲ್ಲಿ ಪಾಲುದಾರರ ಹೆಸರು, ತಂದೆಯ ಹೆಸರು, ಊರು ಒಟ್ಟಿಗೆ ಸಿಗುತ್ತವೆ. ವಹಿವಾಟಿಗೆ ಇಷ್ಟೆಂದು ತೆಗೆದಿಟ್ಟ ಧರ್ಮಾದಾಯದ ಲೆಕ್ಕ ಮಠಗಳ ದಾಸೋಹದ ವಹಿಯೊಡನೆ ಹೊಂದಿಕೆಯಾದರೆ ಅದಕ್ಕಿಂತ ಗಟ್ಟಿಯಾದ ಸಾಕ್ಷ್ಯ ಬೇರಿಲ್ಲ. ಪಾಡ್ಯದ ದಿನ ಪೂಜೆಗೊಂಡು ಅಟ್ಟ ಸೇರಿದ ಖಾತೆಗಳನ್ನು ರದ್ದಿಗೆ ಹಾಕಿದ ಮನೆಗಳೇ ಹೆಚ್ಚು ಎಂಬುದು ದುಃಖದ ಸಂಗತಿ.

ಕಡತ ಹುಡುಕುವವರು ಎಡವುವುದು ತಾಲೂಕಿನ ಹೆಸರಿನಲ್ಲಿ. ಬ್ರಿಟಿಷರ ಕಾಲದಲ್ಲಿ ಹಿರೇಕೆರೂರು ತಾಲೂಕೆಂಬುದು ಇರಲಿಲ್ಲ. ಅದು ಕೋಡ ತಾಲೂಕಿನ ಕಚೇರಿಯ ಊರು. ಶಿಗ್ಗಾವಿಯ ಕಾಗದಗಳು ಬಂಕಾಪುರ ತಾಲೂಕಿನ ಹೆಸರಿನಲ್ಲಿವೆ. ಹಾನಗಲ್ಲ ಮಾತ್ರ ತನ್ನ ಹೆಸರಿನಲ್ಲೇ ಸಿಗುತ್ತದೆ. ಸವಣೂರಿನ ಸಂಗತಿಯೇ ಬೇರೆ. ಅದು 1948ರಲ್ಲಿ ವಿಲೀನವಾಗುವವರೆಗೆ ನವಾಬರ ಸಂಸ್ಥಾನ. ಧಾರವಾಡದ ಕಲೆಕ್ಟರರೇ ಅಲ್ಲಿಯ ರಾಜಕೀಯ ಮೇಲ್ವಿಚಾರಕರಾಗಿದ್ದರೂ ಸಂಸ್ಥಾನದ ಭೂದಾಖಲೆ ಪ್ರತ್ಯೇಕ. ಹಾವೇರಿ ಜಿಲ್ಲೆಯ ಹೆಸರಿನಲ್ಲಿ 1997ಕ್ಕಿಂತ ಹಿಂದಿನದನ್ನು ಹುಡುಕಿ ಫಲವಿಲ್ಲ; ಧಾರವಾಡದಲ್ಲಿ ಹುಡುಕಬೇಕು.

ಸರಕಾರದ ಕಾಗದವನ್ನು ಹೆಳವರ ಹೊತ್ತಿಗೆಯೊಂದಿಗೆ ತಾಳೆ ನೋಡುವುದು ಉತ್ತಮ ಕ್ರಮ. ಎತ್ತಿನ ಮೇಲೆ ಬಂದು ಮನೆಯ ಮುಂದೆ ನಿಂತು ಮೂಲದ ಊರು, ಬೆಡಗು, ಹಿರಿಯರ ಹೆಸರುಗಳನ್ನು ಒಂದೇ ಉಸಿರಿನಲ್ಲಿ ಹೇಳುವ ಹೆಳವರು ಈ ನಾಡಿನ ಜೀವಂತ ಪತ್ರಾಗಾರ. ಅವರು ಬಂದಾಗ ಕಾಳು, ಬಟ್ಟೆ ಕೊಟ್ಟು ಕಳುಹಿಸಿದರೆ ಸಾಲದು. ಹೊಸದಾಗಿ ಹುಟ್ಟಿದವರ ಹೆಸರು ಬರೆಸುವಾಗಲೇ ಹಳೆಯ ಪುಟಗಳನ್ನು ಓದಿಸಿ, ಅನುಮತಿ ಪಡೆದು ಬರೆದುಕೊಳ್ಳಬೇಕು. ವಲಸೆಯ ಕಾರಣ, ಅಂದರೆ ಬರ, ಸಾಲ, ದಾಯಾದಿ ಜಗಳ, ಹಲವು ಬಾರಿ ಅಲ್ಲಿ ಮಾತ್ರ ಉಳಿದಿರುತ್ತದೆ.

ಇಷ್ಟೆಲ್ಲ ಆಕರಗಳಲ್ಲಿಯೂ ಹೆಣ್ಣುಮಕ್ಕಳ ಹೆಸರು ಅಪರೂಪ. ಹೆಳವರ ಪಾಠವೂ ಗಂಡುಸಂತತಿಯನ್ನೇ ಹಿಡಿದು ನಡೆಯುತ್ತದೆ. ಅವರು ಕಾಣಿಸಿಕೊಳ್ಳುವುದು ದತ್ತಕಪತ್ರಗಳಲ್ಲಿ, ವಿಧವೆಯಾಗಿ ಆಸ್ತಿಗೆ ಅರ್ಜಿ ಹಾಕಿದಾಗ, ಮಠಕ್ಕೆ ದಾನ ಬರೆದುಕೊಟ್ಟಾಗ. ಹುಡುಕಾಟವನ್ನು ಅಲ್ಲಿಂದಲೇ ಆರಂಭಿಸಿದರೆ ತವರಿನ ಊರಿನ ಹೆಸರೂ ದೊರೆತು, ಇನ್ನೊಂದು ಮನೆತನದ ದಾರಿ ತೆರೆಯುತ್ತದೆ.