ಉಗಿಯ ಸಮ್ಮಟಿಗೆ

ಕಮ್ಮಾರನ ಕುಲುಮೆಯನ್ನು ನಾವೆಲ್ಲರೂ ಚಿಕ್ಕಂದಿನಲ್ಲಿ ಒಮ್ಮೆಯಾದರೂ ನಿಂತು ನೋಡಿದವರೇ. ತಿದಿಯೊತ್ತಿದಂತೆ ಕೆಂಡ ಕೆಂಪೇರುವುದು. ಒಬ್ಬನು ಕಾದ ಕಬ್ಬಿಣವನ್ನು ಇಕ್ಕಳದಿಂದ ಅಡಿಗಲ್ಲಿನ ಮೇಲೆ ಹಿಡಿಯುವನು. ಇನ್ನೊಬ್ಬನು ಸಮ್ಮಟಿಗೆಯನ್ನೆತ್ತಿ ಬಡಿಯುವನು. ನೇಗಿಲಿನ ಗುಳಕ್ಕೂ ಗಾಡಿಯ ಪಟ್ಟಿಗೂ ಈ ತೋಳಿನ ಬಲವೇ ಸಾಕು. ಆದರೆ ಬಡಿಯಬೇಕಾದ ಕಬ್ಬಿಣವು ದೊಡ್ಡ ಮರದ ದಿಮ್ಮಿಯಷ್ಟು ದಪ್ಪವಾಗಿದ್ದರೆ ಯಾವ ತೋಳು ಸಾಕಾದೀತು? ಈ ಪ್ರಶ್ನೆಗೆ ಹತ್ತೊಂಬತ್ತನೆಯ ಶತಮಾನದಲ್ಲಿ ದೊರೆತ ಉತ್ತರವೇ ಉಗಿಯ ಸಮ್ಮಟಿಗೆ. ಆ ಉತ್ತರವನ್ನು ಕೊಟ್ಟವರು ಯಾರೆಂಬುದು ಅಷ್ಟು ಸುಲಭವಾಗಿ ತೀರುವ ಮಾತಲ್ಲ. ಇಂದು ನಾವು ವಿಚಾರಿಸಬೇಕೆಂದಿರುವುದು ಅದನ್ನೇ.

ದೊಡ್ಡ ಭಾಗಗಳನ್ನು ಬಡಿಯುವ ಕಷ್ಟವೇಕೆ, ಎರಕ ಹೊಯ್ದರಾಗದೆ ಎಂದು ಕೇಳಬಹುದು. ಎರಕದ ಕಬ್ಬಿಣ ಗಡುಸಾದದ್ದು. ಆದರೆ ಎಳೆತಕ್ಕೂ ತಿರುಚುವಿಕೆಗೂ ಸಿಕ್ಕಿದರೆ ಬಿರಿಯುವುದು. ಹಡಗಿನ ಚಕ್ರಗಳನ್ನು ತಿರುಗಿಸುವ ಇರುಸು ಹಗಲಿರುಳೂ ತಿರುಚುವ ಬಲವನ್ನು ತಡೆಯಬೇಕು. ಅಂತಹುದನ್ನು ಮೆದುಕಬ್ಬಿಣವನ್ನು ಕಾಯಿಸಿ ಬಡಿದು ಒಂದುಗೂಡಿಸಿಯೇ ಮಾಡಬೇಕಾಗಿದ್ದಿತು.

ಯೂರೋಪಿನಲ್ಲಿ ಶತಮಾನಗಳಿಂದಲೂ ನೀರಿನ ಚಕ್ರದಿಂದ ನಡೆಯುವ ಸುತ್ತಿಗೆಗಳು ಇದ್ದವು. ತಿರುಗುವ ಚಕ್ರದ ಹಲ್ಲುಗಳು ಸುತ್ತಿಗೆಯ ಕಾವನ್ನು ಎತ್ತಿ ಕೈಬಿಡುವುವು. ತಲೆಯು ಅಡಿಗಲ್ಲಿನ ಮೇಲೆ ಬೀಳುವುದು. ಇದರಲ್ಲಿ ಒಂದು ಮೂಲದೋಷವಿದ್ದಿತು. ಕಾವು ಏಳುವ ಎತ್ತರಕ್ಕೆ ಮಿತಿಯುಂಟು. ಅಡಿಗಲ್ಲಿನ ಮೇಲಿನ ಕಬ್ಬಿಣ ದಪ್ಪವಾದಷ್ಟೂ ಸುತ್ತಿಗೆ ಬೀಳಲು ಉಳಿಯುವ ಎಡೆ ಕಿರಿದಾಗುವುದು. ಹೀಗಾಗಿ ಎಲ್ಲಕ್ಕಿಂತ ಬಲವಾದ ಪೆಟ್ಟು ಬೇಕಾದಲ್ಲಿಯೇ ಎಲ್ಲಕ್ಕಿಂತ ದುರ್ಬಲವಾದ ಪೆಟ್ಟು ಬೀಳುತ್ತಿದ್ದಿತು.

1839ರಲ್ಲಿ ಈ ದೋಷವು ಪರೀಕ್ಷೆಗೆ ಬಂದಿತು. ಬ್ರಿಸ್ಟಲಿನಲ್ಲಿ ಬ್ರುನೆಲ್ ಎಂಬ ಯಂತ್ರಶಿಲ್ಪಿಯು 'ಗ್ರೇಟ್ ಬ್ರಿಟನ್' ಎಂಬ ಭಾರಿ ಕಬ್ಬಿಣದ ಹಡಗನ್ನು ಕಟ್ಟಿಸುತ್ತಿದ್ದನು. ಅದರ ಹಲಗೆಚಕ್ರಗಳ ಇರುಸನ್ನು ಬಡಿಯಲು ಒಪ್ಪುವ ಕುಲುಮೆ ಎಲ್ಲಿಯೂ ಸಿಕ್ಕಲಿಲ್ಲ. ಹಡಗಿನ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದ ಹಂಫ್ರೀಸ್ ಎಂಬಾತನು ಮ್ಯಾಂಚೆಸ್ಟರಿನ ಬಳಿ ಪ್ಯಾಟ್ರಿಕ್ರಾಫ್ಟಿನಲ್ಲಿ ಕಾರ್ಖಾನೆ ನಡೆಸುತ್ತಿದ್ದ ಜೇಮ್ಸ್ ನೇಸ್ಮಿತನಿಗೆ ಪತ್ರ ಬರೆದು ಉಪಾಯ ಕೇಳಿದನು.

ನೇಸ್ಮಿತನು ಎಡಿನ್‌ಬರೊ ನಗರದ ಚಿತ್ರಕಾರನೊಬ್ಬನ ಮಗ. ಆಲೋಚನೆಯನ್ನು ಗೆರೆಗಳಲ್ಲಿ ಕಾಣುವುದು ಅವನಿಗೆ ಮನೆತನದಿಂದ ಬಂದ ವಿದ್ಯೆ. 1839ನೆಯ ನವೆಂಬರ್ 24ರಂದು ತನ್ನ ಟಿಪ್ಪಣಿಯ ಪುಸ್ತಕದಲ್ಲಿ ಒಂದು ಚಿತ್ರ ಬರೆದನು. ಎರಡು ಕಂಬಗಳ ಮೇಲೆ ನೆಟ್ಟಗೆ ನಿಂತ ಸಿಲಿಂಡರು. ಅದರೊಳಗಿನ ಪಿಸ್ಟನ್ನಿನ ದಂಡವು ಕೆಳಕ್ಕಿಳಿದು, ತುದಿಯಲ್ಲಿ ಸುತ್ತಿಗೆಯ ಭಾರವು ತೂಗುತ್ತಿರುವುದು. ಕೆಳಗಿನಿಂದ ಉಗಿಯನ್ನು ಬಿಟ್ಟರೆ ಭಾರವು ಮೇಲೇರುವುದು. ಉಗಿಯನ್ನು ಹೊರಬಿಟ್ಟರೆ ತನ್ನ ತೂಕದಿಂದಲೇ ನೆಟ್ಟಗೆ ಬೀಳುವುದು. ಕಾವೇ ಇಲ್ಲದ ಸುತ್ತಿಗೆ! ಕಬ್ಬಿಣ ಎಷ್ಟೇ ದಪ್ಪವಿರಲಿ, ಸಿಲಿಂಡರನ್ನು ಎತ್ತರಿಸಿದರೆ ಬೀಳುವ ಎಡೆಯೂ ಹೆಚ್ಚುವುದು.

ಆದರೆ 1840ರಲ್ಲಿ 'ಗ್ರೇಟ್ ಬ್ರಿಟನ್' ಹಡಗಿಗೆ ಹಲಗೆಚಕ್ರಗಳ ಬದಲು ಹಿಂಭಾಗದಲ್ಲಿ ತಿರುಪುಚಕ್ರವನ್ನು ಜೋಡಿಸಬೇಕೆಂದು ನಿಶ್ಚಯವಾಯಿತು. ಆ ದೊಡ್ಡ ಇರುಸು ಬೇಡವಾಯಿತು. ಚಿತ್ರವು ಪುಸ್ತಕದಲ್ಲಿಯೇ ಉಳಿಯಿತು.

ಮುಂದಿನ ಕಥೆಯನ್ನು ನೇಸ್ಮಿತನೇ ಹೇಳುತ್ತಾನೆ. ಫ್ರಾನ್ಸಿನ ಲ ಕ್ರೂಸೋ ಎಂಬಲ್ಲಿನ ಕಬ್ಬಿಣದ ಕಾರ್ಖಾನೆಯ ಒಡೆಯ ಷ್ನೇಡರನೂ ಅವನ ಯಂತ್ರಶಿಲ್ಪಿ ಬೂರ್ದೊನೂ ಪ್ಯಾಟ್ರಿಕ್ರಾಫ್ಟಿಗೆ ಬಂದಾಗ ತಾನು ಊರಲ್ಲಿರಲಿಲ್ಲ. ತನ್ನ ಪಾಲುದಾರನು ಅವರಿಗೆ ಆ ಪುಸ್ತಕವನ್ನು ತೋರಿಸಿದನು. 1842ರಲ್ಲಿ ತಾನು ಲ ಕ್ರೂಸೋವಿಗೆ ಹೋದಾಗ ಸೊಗಸಾಗಿ ಬಡಿದ ದೊಡ್ಡ ಇರುಸೊಂದನ್ನು ಕಂಡು, ಇದನ್ನು ಹೇಗೆ ಮಾಡಿದಿರೆಂದು ಕೇಳಲು, ನಿಮ್ಮ ಸುತ್ತಿಗೆಯಿಂದಲೇ ಎಂದು ಬೂರ್ದೊ ಉತ್ತರಕೊಟ್ಟನಂತೆ. ನೇಸ್ಮಿತನು ಊರಿಗೆ ಮರಳಿ ಅದೇ ವರ್ಷದ ಜೂನ್ ತಿಂಗಳಲ್ಲಿ ತನ್ನ ಹಕ್ಕನ್ನು ಸರ್ಕಾರದಲ್ಲಿ ದಾಖಲು ಮಾಡಿಸಿದನು.

ಕಥೆ ರಮ್ಯವಾಗಿದೆ. ಆದರೆ ಚರಿತ್ರೆಯನ್ನು ಓದುವ ನಾವು ಸಾಕ್ಷಿ ಯಾರೆಂದು ಕೇಳದೆ ಇರಲಾಗದು. ಇದನ್ನು ಹೇಳುವ ನೇಸ್ಮಿತನ ಆತ್ಮಚರಿತ್ರೆ ಪ್ರಕಟವಾದದ್ದು 1883ರಲ್ಲಿ. ಘಟನೆ ನಡೆದು ನಲವತ್ತು ವರ್ಷಗಳು ಕಳೆದ ಮೇಲೆ. ಅದರಲ್ಲಿ ಬೂರ್ದೊ ಆಡುವ ಮಾತುಗಳೂ ಪ್ರತಿಸ್ಪರ್ಧಿಯ ಲೇಖನಿಯಿಂದ ಬಂದವು. ಬೂರ್ದೊ ಸ್ವತಂತ್ರವಾಗಿಯೇ ಈ ಯಂತ್ರವನ್ನು ರೂಪಿಸಿದನೆಂಬುದು ಫ್ರೆಂಚರ ವಾದ. ಇಬ್ಬರಿಗೂ ಹಿಂದೆ, 1784ರಷ್ಟು ಮುಂಚೆಯೇ, ಉಗಿಯಿಂದ ಸುತ್ತಿಗೆಯನ್ನೆತ್ತುವ ಆಲೋಚನೆಯನ್ನು ಜೇಮ್ಸ್ ವಾಟನು ತನ್ನ ಹಕ್ಕುಪತ್ರದಲ್ಲಿ ಸೇರಿಸಿದ್ದನು. ಯಾರ ಮಾತು ಹೇಗೇ ಇರಲಿ, ಒಂದು ಸಂಗತಿ ನಿರ್ವಿವಾದವಾದುದು: ಮೊದಲು ಕಬ್ಬಿಣವನ್ನು ಬಡಿದ ಉಗಿಯ ಸಮ್ಮಟಿಗೆ ಫ್ರಾನ್ಸಿನದು.

ಇನ್ನೊಬ್ಬನ ಹೆಸರನ್ನು ನಾವು ಬಿಡಲಾಗದು. ಮೊದಮೊದಲು ಉಗಿಯ ಕವಾಟವನ್ನು ಪ್ರತಿ ಪೆಟ್ಟಿಗೂ ಆಳೊಬ್ಬನು ಕೈಯಿಂದ ತೆರೆದು ಮುಚ್ಚಬೇಕಾಗಿದ್ದಿತು. 1843ರಲ್ಲಿ ನೇಸ್ಮಿತನ ಕಾರ್ಖಾನೆಯ ಮೇಲ್ವಿಚಾರಕ ರಾಬರ್ಟ್ ವಿಲ್ಸನ್ನನು ಸುತ್ತಿಗೆ ತಾನಾಗಿಯೇ ನಡೆಯುವ ಏರ್ಪಾಡನ್ನು ರಚಿಸಿದನು. ಪೆಟ್ಟಿನ ವೇಗವನ್ನೂ ಬಲವನ್ನೂ ಬೇಕಾದಂತೆ ಹೆಚ್ಚು ಕಡಮೆ ಮಾಡುವುದು ಸುಲಭವಾಯಿತು. ಗಾಜಿನ ಬಟ್ಟಲಲ್ಲಿಟ್ಟ ಮೊಟ್ಟೆಯ ಸಿಪ್ಪೆಯನ್ನಷ್ಟೇ ಬಿರಿಯಿಸಿ, ಬಟ್ಟಲಿಗೆ ಏಟು ತಾಗದಂತೆ ಸುತ್ತಿಗೆಯನ್ನು ಇಳಿಸುವ ಪ್ರದರ್ಶನವು ಆಗ ಹೆಸರಾದದ್ದು. ನೋಡಲು ಬಂದವರು ಬೆರಗಾದದ್ದು ಬಲವನ್ನು ಕಂಡಲ್ಲ, ಬಲದ ಮೇಲಿನ ಹಿಡಿತವನ್ನು ಕಂಡು. ಆ ಹಿಡಿತದಲ್ಲಿ ವಿಲ್ಸನ್ನನ ಪಾಲು ದೊಡ್ಡದು. ಆದರೂ ಲೋಕವು ಹೊಗಳಿದ್ದು ಒಡೆಯನನ್ನು.

ಅನಂತರ ಸುತ್ತಿಗೆಗಳು ಬೆಳೆದುವು. 1861ರಲ್ಲಿ ಜರ್ಮನಿಯ ಎಸ್ಸೆನ್ನಿನಲ್ಲಿ ಕ್ರುಪ್ಪನು 50 ಟನ್ನಿನ ಸುತ್ತಿಗೆಯನ್ನು ನಿಲ್ಲಿಸಿ ಅದಕ್ಕೆ 'ಫ್ರಿಟ್ಸ್' ಎಂದು ಹೆಸರಿಟ್ಟನು. 1877ರಲ್ಲಿ ಲ ಕ್ರೂಸೋವಿನಲ್ಲಿ 100 ಟನ್ನಿನದು ಎದ್ದಿತು. 1891ರಲ್ಲಿ ಅಮೆರಿಕದ ಬೆತ್ಲೆಹೆಮ್ಮಿನಲ್ಲಿ 125 ಟನ್ನಿನದು. ಹಡಗಿನ ಇರುಸುಗಳಷ್ಟೇ ಅಲ್ಲ, ಫಿರಂಗಿಗಳೂ ಯುದ್ಧನೌಕೆಗಳ ಕವಚದ ಫಲಕಗಳೂ ಇಂತಹ ಸುತ್ತಿಗೆಗಳ ಕೆಳಗೆ ಆಕಾರ ಪಡೆದುವು. ಬೆತ್ಲೆಹೆಮ್ಮಿನ ಸುತ್ತಿಗೆ ಕೆಲವೇ ವರ್ಷಗಳಲ್ಲಿ ನಿಂತಿತು. ನೀರಿನ ಒತ್ತಡದಿಂದ ನಡೆಯುವ ಅದುಮುಯಂತ್ರವು ಬಂದು, ಸದ್ದಿಲ್ಲದೆ, ನೆಲ ನಡುಗಿಸದೆ, ಲೋಹದ ಒಡಲಿನವರೆಗೂ ತನ್ನ ಬಲವನ್ನು ಮುಟ್ಟಿಸತೊಡಗಿದುದೇ ಇದಕ್ಕೆ ಮುಖ್ಯ ಕಾರಣ.

ಹಾಗಾದರೆ ಉಗಿಯ ಸಮ್ಮಟಿಗೆ ಯಾರದು? ಚಿತ್ರ ಬರೆದವನಿಗೂ, ಕಬ್ಬಿಣದಲ್ಲಿ ಕಟ್ಟಿ ನಡೆಯಿಸಿದವನಿಗೂ, ಅದಕ್ಕೆ ಹದವನ್ನು ಕಲಿಸಿದವನಿಗೂ ಅದರಲ್ಲಿ ಪಾಲುಂಟೆಂದು ನಮಗೆ ತೋರುತ್ತದೆ. ಹೆಸರು ಮಾತ್ರ ಬಹುಮಟ್ಟಿಗೆ ತನ್ನ ಕಥೆಯನ್ನು ತಾನೇ ಬರೆದಿಟ್ಟವನಿಗೆ ಸಂದಿತು. ಲ ಕ್ರೂಸೋವಿನ 100 ಟನ್ನಿನ ಸುತ್ತಿಗೆಯನ್ನು ಈಗ ಆ ಊರಿನ ಹೆಬ್ಬಾಗಿಲೆಂಬಂತೆ ದಾರಿಯಲ್ಲಿ ನಿಲ್ಲಿಸಿದ್ದಾರೆ. ಅಲ್ಲಿಗೆ ಹೋದವರು ಅದನ್ನು ನೋಡುವಾಗ ಬೂರ್ದೊನನ್ನೂ ಪ್ಯಾಟ್ರಿಕ್ರಾಫ್ಟಿನ ಮೇಲ್ವಿಚಾರಕನನ್ನೂ ನೆನೆದರೆ ನ್ಯಾಯವಾದೀತು.